ದಬ್ಬೆ ನೆಲದ ಕುರಿಹಟ್ಟಿಯಲ್ಲಿ ಮಕ್ಕಳೊಂದಿಗೆ ಒಂದು ದಿನ

ಉಡುಪಿಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಹಿಂದಿನ ದಿನ ಮನೆಯಲ್ಲಿ ಉಂಡದ್ದೆಲ್ಲ ಎಲ್ಲಿಂದ ಬಂತು ಎಂಬುದನ್ನು, ತಟ್ಟೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತ ಅವರು ಬರೆಯಬೇಕು. ಮೀನಿನ ವಿಷಯದಲ್ಲಿ ನಮ್ಮ ಮಕ್ಕಳು ಎಂದೂ ತಡವರಿಸುವುದಿಲ್ಲ. ಮಲ್ಪೆಯ ಬಂದರು, ಬೋಟು, ಬಲೆ, ಮಂಜುಗಡ್ಡೆ, ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ನಿಷೇಧ, ಆ ದಿನಗಳಲ್ಲಿ ಒಣಮೀನನ್ನು ನೆಚ್ಚಿಕೊಳ್ಳುವ ಮನೆಯ ಅಡುಗೆ, ಎಲ್ಲವೂ ಅವರಿಗೆ ಗೊತ್ತು. ಕುಚ್ಚಲಕ್ಕಿಯ ದಾರಿಯನ್ನೂ ಅರ್ಧಕ್ಕಿಂತ ಹೆಚ್ಚು ಮಂದಿ ಗದ್ದೆಯವರೆಗೆ ಮುಟ್ಟಿಸುತ್ತಾರೆ. ಕುರಿ ಮಾಂಸದ ದಾರಿ ಮಾತ್ರ ಈ ವರ್ಷ ಎಲ್ಲರ ಪುಸ್ತಕದಲ್ಲೂ ಒಂದೇ ಕಡೆ ನಿಂತುಬಿಟ್ಟಿತ್ತು. "ಲಾರಿಯಲ್ಲಿ ಬರುತ್ತದೆ ಟೀಚರ್, ಘಟ್ಟದ ಮೇಲಿನಿಂದ" ಎಂದು ಒಬ್ಬ ಹುಡುಗ ಓದಿದ. ಅವನು ಬರೆದದ್ದು ನಿಜವೇ. ಆದರೆ ಲಾರಿ ಹತ್ತುವ ಮೊದಲು ಆ ಕುರಿ ಎಲ್ಲಿತ್ತು, ಏನು ಮೇಯುತ್ತಿತ್ತು, ಅದನ್ನು ಯಾರು ನೋಡಿಕೊಂಡಿದ್ದರು ಎಂದು ಕೇಳಿದರೆ ಇಡೀ ತರಗತಿಯಲ್ಲಿ ಉತ್ತರವಿರಲಿಲ್ಲ. ಪುಸ್ತಕದ ಉತ್ತರಕ್ಕಿಂತ ಹೆಚ್ಚಿನದು ನನ್ನಲ್ಲೂ ಇರಲಿಲ್ಲ.

ಆ ಕಾರಣಕ್ಕಾಗಿಯೇ ಹಿರಿಯಡ್ಕದಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಒಳಗೆ, ಒಂದು ಕುಟುಂಬದವರು ತಮ್ಮ ತೋಟದಲ್ಲಿ ನಡೆಸುವ ಮಕ್ಕಳ ಕಲಿಕಾ ದಿನಕ್ಕೆ ಡಿಸೆಂಬರ್ ತಿಂಗಳ ಎರಡನೆಯ ಶನಿವಾರ 32 ಮಕ್ಕಳನ್ನು ಕರೆದುಕೊಂಡು ಹೋದೆವು. ಅವರ ಕೊರತೆಗಳನ್ನೂ ಇಲ್ಲಿ ಬರೆಯುತ್ತಿರುವುದರಿಂದ ಆ ಮನೆಯವರ ಹೆಸರನ್ನು ಹೇಳುತ್ತಿಲ್ಲ. ಇಂಥದೊಂದು ದಿನದಿಂದ ಮಕ್ಕಳಿಗೆ ಏನು ಸಿಗಬೇಕು, ಏನು ಸಿಕ್ಕಿತು ಎಂಬುದನ್ನು ಇತರ ಶಿಕ್ಷಕರಿಗೂ ಪಾಲಕರಿಗೂ ತಿಳಿಸುವುದಷ್ಟೇ ನನ್ನ ಉದ್ದೇಶ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಸೇರಿ ಮಗುವೊಬ್ಬರಿಗೆ 350 ರೂಪಾಯಿ ತೆಗೆದುಕೊಂಡರು. ಶಿಕ್ಷಕರಿಗೆ ಹಣ ಕೇಳಲಿಲ್ಲ. ಒಂದು ದಿನಕ್ಕೆ ಒಂದೇ ಶಾಲೆ, 35ಕ್ಕಿಂತ ಹೆಚ್ಚು ಮಕ್ಕಳಿಗೆ ಅವಕಾಶವಿಲ್ಲ ಎಂಬ ನಿಯಮವನ್ನು ಅವರು ಫೋನಿನಲ್ಲೇ ಸ್ಪಷ್ಟಪಡಿಸಿದ್ದರು. ಆ ನಿಯಮ ಮಕ್ಕಳಿಗಿಂತ ಮೊದಲು ಕುರಿಗಳಿಗಾಗಿ ಮಾಡಿದ್ದು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಎರಡು ವರ್ಷದ ಹಿಂದೆ ನಾವು ಬೇರೊಂದು ಕಡೆಗೆ ಹೋಗಿದ್ದೆವು. ಅಲ್ಲಿ ಕೊರಳಿಗೆ ರಿಬ್ಬನ್ ಕಟ್ಟಿದ ಎರಡು ಕುರಿಮರಿಗಳನ್ನು ಮಕ್ಕಳ ಕೈಯಿಂದ ಕೈಗೆ ದಾಟಿಸುತ್ತ, ಪ್ರತಿಯೊಬ್ಬರೂ ಬಾಟಲಿಯಲ್ಲಿ ಹಾಲು ಕುಡಿಸುವಾಗ ಫೋಟೋ ತೆಗೆಯುತ್ತಿದ್ದರು. ಹೊತ್ತು ಗೊತ್ತಿಲ್ಲದೆ ಅಳತೆ ಮೀರಿ ಹಾಲು ಕುಡಿದ ಮರಿಗೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಹತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ಮರಿ ಮೂಲೆಯಲ್ಲಿ ಕಾಲು ಮಡಚಿ ಮಲಗಿದ್ದನ್ನು ನೋಡಿಯೂ ನಾನು ಏನೂ ಹೇಳದೆ ಬಂದದ್ದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಅಲ್ಲಿಂದ ಮಕ್ಕಳು ಕಲಿತು ಬಂದದ್ದು ಕುರಿಮರಿ ಮೆತ್ತಗಿರುತ್ತದೆ ಎಂಬುದೊಂದನ್ನೇ. ಈ ಬಾರಿ ಹೊರಡುವಾಗ ನನ್ನ ಮನಸ್ಸಿನಲ್ಲಿದ್ದ ಮುಖ್ಯ ಪ್ರಶ್ನೆಯೂ ಇದೇ ಆಗಿತ್ತು: ಇಲ್ಲಿ ಪ್ರಾಣಿಯನ್ನು ಮಕ್ಕಳಿಗೆ ಆಟಿಕೆಯಾಗಿ ತೋರಿಸುತ್ತಾರೋ, ಒಂದು ಬದುಕಾಗಿ ತೋರಿಸುತ್ತಾರೋ?

ತೋಟದ ಒಡತಿ ಮೊದಲ ಹತ್ತು ನಿಮಿಷಗಳಲ್ಲಿ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಕರಾವಳಿ ಕುರಿಯ ಸೀಮೆಯಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದು, ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಆದರೆ ಆ ಮಂದೆಗಳೆಲ್ಲ ಬಹುಮಟ್ಟಿಗೆ ಘಟ್ಟದ ಮೇಲಿನ ಬಯಲುಸೀಮೆಯವು. ಚಿತ್ರದುರ್ಗದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಉಡುಪಿಯಲ್ಲಿ 4,000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಒಣನೆಲದಲ್ಲಿ ದಿನವಿಡೀ ನಡೆದು ಮೇಯುವುದಕ್ಕೆ ಹೊಂದಿಕೊಂಡ ಪ್ರಾಣಿ, ನಾಲ್ಕು ತಿಂಗಳು ಒದ್ದೆ ನೆಲದಲ್ಲಿ ನಿಂತರೆ ಅದರ ಗೊರಸಿನ ಸಂದು ಕೊಳೆಯುತ್ತದೆ, ಹಸಿ ಹುಲ್ಲಿನೊಂದಿಗೆ ಜಂತುಹುಳು ಹೊಟ್ಟೆ ಸೇರುತ್ತದೆ, ಮಳೆಗಾಲದಲ್ಲಿ ಹೆಚ್ಚುವ ಸಣ್ಣ ನೊಣಗಳಿಂದ ನೀಲಿನಾಲಿಗೆ ರೋಗ ಹರಡುತ್ತದೆ. "ಇಲ್ಲಿ ಕುರಿ ಸಾಕುವುದೆಂದರೆ ಮಳೆಯ ಜೊತೆ ಜಗಳ ಮಾಡಿದ ಹಾಗೆ ಮಕ್ಕಳೇ, ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ" ಎಂದು ಅವರು ಹೇಳಿದರು. ಬನ್ನೂರು ಮತ್ತು ಕೆಂಗುರಿ ತಳಿಗಳ 60 ಕುರಿಗಳನ್ನು ಸಾಕಿಕೊಂಡು, ಅದರಿಂದಲೇ ಜೀವನದ ಒಂದು ಭಾಗ ನಡೆಸುವವರು ಈ ಮಾತನ್ನು ಮಕ್ಕಳ ಮುಂದೆ ಆಡಬೇಕಾದರೆ, ಅವರಿಗೆ ಕಲಿಸುವುದರಲ್ಲಿ ನಿಜವಾದ ಆಸಕ್ತಿ ಇರಬೇಕು.

ಹಟ್ಟಿಯನ್ನು ನೋಡಿದಾಗ ಆ ಜಗಳ ಎಂಥದೆಂಬುದು ಕಣ್ಣಿಗೇ ಕಾಣುತ್ತದೆ. ಮುರಕಲ್ಲಿನ ಕಂಬಗಳ ಮೇಲೆ, ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗಿ ಗುಡಿಸುವಷ್ಟು ಎತ್ತರದಲ್ಲಿ, ಅಡಿಕೆ ಮರದ ದಬ್ಬೆಗಳನ್ನು ಬೆರಳಗಲದ ಸಂದು ಬಿಟ್ಟು ಹೊಡೆದು ನೆಲ ಮಾಡಿದ್ದಾರೆ. ಹಿಕ್ಕೆಯೂ ಮೂತ್ರವೂ ಸಂದಿನಿಂದ ಕೆಳಗೆ ಬೀಳುತ್ತವೆ, ಕುರಿಯ ಕಾಲ ಕೆಳಗಿನ ಜಾಗ ಒಣಗಿಯೇ ಇರುತ್ತದೆ. ಸಂದು ಹೆಚ್ಚು ಅಗಲವಾದರೆ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳುವುದಿಲ್ಲ. ಆದ್ದರಿಂದ ಮರಿಗಳಿರುವ ಕಡೆ ಬೇರೆ ಅಳತೆ, ದೊಡ್ಡ ಕುರಿಗಳಿರುವ ಕಡೆ ಬೇರೆ ಅಳತೆ. ಮಕ್ಕಳಿಗೆ ಅಳತೆಪಟ್ಟಿ ಕೊಟ್ಟು ಎರಡೂ ಕಡೆಯ ಸಂದನ್ನು ಅವರಿಂದಲೇ ಅಳೆಸಿದರು. ಕೆಳಗೆ ರಾಶಿಯಾದ ಗೊಬ್ಬರವನ್ನು ಬುಟ್ಟಿಗೆ ತುಂಬಿ ತೆಂಗಿನ ಬುಡಕ್ಕೆ ಹಾಕುವ ಕೆಲಸವನ್ನೂ ಪ್ರತಿ ತಂಡಕ್ಕೆ ಹತ್ತು ನಿಮಿಷದಂತೆ ಹಂಚಿದರು. ಮೂಗು ಮುಚ್ಚಿಕೊಂಡು ನಿಂತಿದ್ದ ಹುಡುಗಿಯರೇ ಕೊನೆಗೆ ಬುಟ್ಟಿ ಬಿಡಲು ಒಪ್ಪದಿದ್ದುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಘಟ್ಟದ ಮೇಲೆ ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುವ ರೈತರು ಈ ಗೊಬ್ಬರಕ್ಕಾಗಿಯೇ ಕುರಿಗಾಹಿಗಳಿಗೆ ಕಾಳು ಇಲ್ಲವೇ ಹಣ ಕೊಡುತ್ತಾರೆ ಎಂಬುದನ್ನು ಅದೇ ಹೊತ್ತಿಗೆ ವಿವರಿಸಿದ್ದರಿಂದ, ಗೊಬ್ಬರವೂ ಕುರಿಯ ಒಂದು ಉತ್ಪನ್ನವೇ ಎಂಬುದು ಮಕ್ಕಳಿಗೆ ಬುಟ್ಟಿ ಹೊತ್ತೇ ಅರ್ಥವಾಯಿತು.

ಇಡೀ ದಿನದ ಜೀವಾಳ ಮಾತ್ರ ಚಳ್ಳಕೆರೆ ಕಡೆಯಿಂದ ಬಂದು ಏಳೆಂಟು ವರ್ಷಗಳಿಂದ ಅಲ್ಲೇ ಇರುವ ಹಿರಿಯ ಕುರಿಗಾಹಿ. ಅವರು ಭಾಷಣ ಮಾಡಲಿಲ್ಲ. ಒಂದು ಕುರಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎಡಗೈಯಿಂದ ಗದ್ದ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಸರಿಸಿ, ಹತ್ತಿರ ಬರುವಂತೆ ಮಕ್ಕಳನ್ನು ಕರೆದರು. ಕೆಳಗಿನ ಸಾಲಿನಲ್ಲಿ ಸಣ್ಣ ಹಾಲುಹಲ್ಲುಗಳ ನಡುವೆ ಎರಡು ಹಲ್ಲು ಅಗಲವಾಗಿ ಎದ್ದು ಕಾಣುತ್ತಿದ್ದವು. ಎರಡು ಹಲ್ಲಾಗಿದ್ದರೆ ವಯಸ್ಸು ಒಂದರಿಂದ ಒಂದೂವರೆ ವರ್ಷ, ನಾಲ್ಕಾದರೆ ಎರಡರ ಸುಮಾರು, ಆರಾದರೆ ಮೂರರ ಸುಮಾರು, ಎಂಟೂ ಬಂದು ಬಾಯಿಗೂಡಿದರೆ ನಾಲ್ಕರ ಹತ್ತಿರ. ಮೇಲ್ಗಡೆ ಮುಂದಿನ ಹಲ್ಲೇ ಇಲ್ಲದ್ದನ್ನು ಕಂಡ ಒಬ್ಬ ಹುಡುಗ ಗಾಬರಿಯಿಂದ, "ಅಜ್ಜ, ಮೇಲಿನ ಹಲ್ಲನ್ನು ಯಾರು ಕಿತ್ತದ್ದು?" ಎಂದು ಕೇಳಿದ. "ಯಾರೂ ಕಿತ್ತಿಲ್ಲ ತಮ್ಮಾ, ಹುಟ್ಟಿದ್ದೇ ಹಂಗೆ. ಬೆರಳಿಟ್ಟು ನೋಡು, ಎಷ್ಟು ಗಟ್ಟಿ ಐತೆ" ಎಂದು ಅವನ ಬೆರಳನ್ನು ಹಿಡಿದು ಆ ಗಟ್ಟಿ ವಸಡಿನ ಮೇಲೆ ಇಡಿಸಿದರು. ಕೆಳಹಲ್ಲನ್ನು ಆ ವಸಡಿಗೆ ಒತ್ತಿ ಹುಲ್ಲನ್ನು ಸೆಳೆದು ಕೀಳುವುದು, ಅವಸರದಲ್ಲಿ ನುಂಗಿದ್ದನ್ನು ನೆರಳಲ್ಲಿ ಕೂತು ಮತ್ತೆ ಬಾಯಿಗೆ ತಂದುಕೊಂಡು ದವಡೆ ಹಲ್ಲಿನಲ್ಲಿ ಅರೆಯುವುದು, ನಾಲ್ಕು ಭಾಗಗಳ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಆ ನಾರನ್ನು ಕೊಳೆಸಿ ಆಹಾರ ಮಾಡಿಕೊಡುವುದು, ಇವನ್ನೆಲ್ಲ ನಾನು ವರ್ಷವರ್ಷವೂ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ. ನಾನು ಎರಡು ಪಾಠದ ಅವಧಿಯಲ್ಲಿ ಹೇಳಿದ್ದು ಆ ಹುಡುಗನಿಗೆ ಒಂದು ಬೆರಳಿನ ತುದಿಯಲ್ಲಿ ತಿಳಿಯಿತು.

ಅದರ ನಂತರ ಕಣ್ಣು. ಕುರಿಯ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ಒಳಗಿನ ಬಣ್ಣವನ್ನು ನೋಡಿ, ಅದನ್ನು ಕಡುಗೆಂಪಿಗೆ ಒಂದು, ಬಿಳಿಗೆ ಐದು ಎಂಬಂತೆ ಅಂಕೆ ಹಾಕಿದ ಐದು ಬಣ್ಣಗಳಿರುವ ಕಾರ್ಡಿನೊಂದಿಗೆ ಹೋಲಿಸುವ ಕ್ರಮವನ್ನು ಅವರು ತೋರಿಸಿದರು. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಈ ಕ್ರಮವನ್ನು ಈಗ ಅನೇಕ ದೇಶಗಳ ಕುರಿಗಾರರು ಬಳಸುತ್ತಾರೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಒಂದು ಬಗೆಯ ಹುಳು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಿಕ್ಕೆಯೊಂದಿಗೆ ಹೊರಬಿದ್ದ ಮೊಟ್ಟೆಯೊಡೆದ ಮರಿಹುಳು ಒದ್ದೆ ಹುಲ್ಲಿನ ಎಸಳನ್ನು ಹತ್ತಿ ಕೂರುತ್ತದೆ. ಇಬ್ಬನಿ ಆರುವ ಮೊದಲು ಕುರಿಯನ್ನು ಮೇಯಲು ಬಿಡಬಾರದೆಂಬ ಹಳೆಯ ರೂಢಿಗೆ ಇದೇ ಕಾರಣ. ರೆಪ್ಪೆಯ ಒಳಭಾಗ ಬಿಳಿಚಿದಷ್ಟೂ ರಕ್ತ ಕಡಿಮೆಯಾಗಿದೆ ಎಂದರ್ಥ. ಎಲ್ಲ ಕುರಿಗಳಿಗೂ ಒಟ್ಟಿಗೆ ಹುಳುವಿನ ಮದ್ದು ಕುಡಿಸುತ್ತ ಹೋದರೆ ಕಾಲಕ್ರಮೇಣ ಹುಳುಗಳು ಆ ಮದ್ದಿಗೆ ಬಗ್ಗದಂತಾಗುತ್ತವೆ. ಆದ್ದರಿಂದ ಬಿಳಿಚಿದವಕ್ಕೆ ಮಾತ್ರ ಕುಡಿಸುವುದು ಲೇಸು. ಮಕ್ಕಳು ಇಬ್ಬಿಬ್ಬರಾಗಿ ಹತ್ತು ಕುರಿಗಳ ಕಣ್ಣನ್ನು ನೋಡಿ ಅಂಕೆ ಬರೆದುಕೊಂಡರು. ಒಂದು ಹೆಣ್ಣುಕುರಿಗೆ ಮೂರು ಜೋಡಿ ಮಕ್ಕಳು ಬೇರೆಬೇರೆಯಾಗಿ ನೋಡಿಯೂ ನಾಲ್ಕು ಎಂದೇ ಬರೆದಿದ್ದರು. ಅದನ್ನು ಬೇರೆ ನಿಲ್ಲಿಸಿ, ತೂಕ ಮಾಡಿ, ತೂಕಕ್ಕೆ ತಕ್ಕಷ್ಟು ಮದ್ದನ್ನು ಅವರ ಎದುರಿಗೇ ಕುಡಿಸಿದರು. ತಾವು ಬರೆದ ಅಂಕೆಯಿಂದ ಒಂದು ಪ್ರಾಣಿಗೆ ಮದ್ದು ಸಿಕ್ಕಿತೆಂಬುದು ಆ ಆರು ಮಕ್ಕಳ ಮುಖದಲ್ಲಿ ತಂದ ಗಾಂಭೀರ್ಯವನ್ನು ನಾನು ತರಗತಿಯಲ್ಲಿ ಎಂದೂ ನೋಡಿರಲಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ, ಅದರಲ್ಲೂ ಅಡಿಕೆ ತೋಟವಿರುವ ಮನೆಗಳಿಂದ ಬರುವವರಿಗೆ, ಬಹಳ ಉಪಯುಕ್ತವೆನಿಸಿದ ಮತ್ತೊಂದು ವಿಷಯ ಮೈಲುತುತ್ತಿನದು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮೊದಲೊಮ್ಮೆ, ನಡುವೆ ಇನ್ನೊಮ್ಮೆ ಬಿಡುವ ಬೋರ್ಡೋ ಮದ್ದಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತೆಂದರೆ ತಾಮ್ರದ ಲವಣ. ಜಾನುವಾರುಗಳಲ್ಲಿ ಕುರಿಯಷ್ಟು ತಾಮ್ರಕ್ಕೆ ಸೂಕ್ಷ್ಮವಾದದ್ದು ಇನ್ನೊಂದಿಲ್ಲ. ಅದರ ಪಿತ್ತಜನಕಾಂಗ ತಾಮ್ರವನ್ನು ಹೊರಹಾಕದೆ ಕೂಡಿಟ್ಟುಕೊಳ್ಳುತ್ತ ಹೋಗಿ, ವಾರಗಳು ತಿಂಗಳುಗಳು ಕಳೆದ ಮೇಲೆ ಒಮ್ಮೆಲೇ ರಕ್ತಕ್ಕೆ ಬಿಟ್ಟಾಗ ಮೂತ್ರ ಕೆಂಪಾಗಿ, ಕಣ್ಣು ಹಳದಿಯಾಗಿ, ಒಂದೆರಡು ದಿನದಲ್ಲಿ ಪ್ರಾಣಿ ಸಾಯುತ್ತದೆ. ಮದ್ದು ಬಿಟ್ಟ ತೋಟದ ಬುಡದ ಹುಲ್ಲನ್ನು ಕೊಯ್ದು ದನಕ್ಕೆ ಹಾಕಿ ಏನೂ ಆಗಲಿಲ್ಲವೆಂದು ಕುರಿಗೂ ಹಾಕಿದರೆ ಇದೇ ಅಪಾಯ. ದನಕ್ಕೆಂದು ತಯಾರಾದ ಖನಿಜ ಮಿಶ್ರಣವನ್ನು ಕುರಿಗೆ ಕೊಡಬಾರದೆಂಬುದೂ ಈ ಕಾರಣಕ್ಕೇ. ತಮ್ಮ ಮೊದಲ ವರ್ಷದಲ್ಲಿ ಇದು ಗೊತ್ತಿಲ್ಲದೆ ನಾಲ್ಕು ಕುರಿಗಳನ್ನು ಕಳೆದುಕೊಂಡದ್ದನ್ನು ತೋಟದ ಯಜಮಾನರು ಮಕ್ಕಳ ಮುಂದೆ ಹೇಳಿದರು. ಅಡಿಕೆಯೂ ಕುರಿಯೂ ಒಂದೇ ತೋಟದಲ್ಲಿ ಇರಬೇಕಾದರೆ ಎಷ್ಟು ಎಚ್ಚರ ಬೇಕೆಂಬುದನ್ನು ನಮ್ಮ ಯಾವ ಪಠ್ಯವೂ ಹೇಳುವುದಿಲ್ಲ. ಆ ದಿನ ಸಂಜೆಯೇ ಒಬ್ಬ ಹುಡುಗ ತನ್ನ ತಂದೆಗೆ ಇದನ್ನು ತಿಳಿಸಿದನೆಂದು, ಅವರ ಮನೆಯಲ್ಲಿ ಸಾಕಿದ ಆಡುಗಳ ಬಗ್ಗೆಯೂ ವಿಚಾರಿಸಿದನೆಂದು ಮರುವಾರ ತಿಳಿಯಿತು. ಆಡು ಕುರಿಗಿಂತ ಹೆಚ್ಚು ತಾಳುತ್ತದೆ, ಆದರೂ ಮದ್ದಿನ ಹುಲ್ಲು ಅದಕ್ಕೂ ಹಿತವಲ್ಲ ಎಂದು ನಾನು ಉತ್ತರಿಸಿದೆ.

ಊಟಕ್ಕೆ ಮೊದಲು ಒಂದು ಲೆಕ್ಕ ಮಾಡಿಸಿದರು. ಹಟ್ಟಿಯ ದಾಖಲೆ ಪುಸ್ತಕದಿಂದ ಒಂದು ಟಗರುಮರಿಯ ವಿವರ ತೆಗೆದುಕೊಟ್ಟರು: ಹುಟ್ಟಿದಾಗ ಎರಡೂಕಾಲು ಕಿಲೋ, ಮೂರು ತಿಂಗಳಿಗೆ ಹಾಲು ಬಿಡಿಸಿದ್ದು, ಹತ್ತು ತಿಂಗಳಿಗೆ 24 ಕಿಲೋ ತೂಗಿ ಮಾರಾಟವಾದದ್ದು. ಹಾಲು ಬಿಟ್ಟ ಮೇಲಿನ 210 ದಿನ, ದಿನಕ್ಕೆ ಸರಾಸರಿ ಮೂರೂವರೆ ಕಿಲೋ ಹಸಿ ಮೇವು. ಒಟ್ಟು 735 ಕಿಲೋ. ಚರ್ಮ, ತಲೆ, ಕಾಲು, ಕರುಳು ಕಳೆದರೆ ಜೀವಂತ ತೂಕದ ಸುಮಾರು ಅರ್ಧದಷ್ಟು, ಎಂದರೆ ಎಲುಬು ಸೇರಿ ಹೆಚ್ಚುಕಡಿಮೆ 12 ಕಿಲೋ ಮಾಂಸ. ಮನೆಗೆ ತರುವ ಅರ್ಧ ಕಿಲೋ ಮಾಂಸದ ಹಿಂದೆ ಹಿಂಡಿ, ಒಣಹುಲ್ಲು ಬಿಟ್ಟು 30 ಕಿಲೋ ಹಸಿ ಮೇವಿದೆ ಎಂದು ಮಕ್ಕಳು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ, ಕುರಿಗಾಹಿ ಅಜ್ಜ ನೇಪಿಯರ್ ಹುಲ್ಲಿನ ಒಂದು ಹೊರೆಯನ್ನು ತಂದು ಅಂಗಳದಲ್ಲಿ ಹಾಕಿದರು. ತೂಕದ ಕೊಂಡಿಗೆ ಸಿಕ್ಕಿಸಿದಾಗ ಮುಳ್ಳು ಸರಿಯಾಗಿ 30ರಲ್ಲಿ ನಿಂತಿತು. ಇಬ್ಬರು ಹುಡುಗರು ಸೇರಿ ಎತ್ತಲು ಹೋಗಿ, ಸೊಂಟದ ಮಟ್ಟಕ್ಕೆ ತಂದು, ಕೆಳಗೆ ಬಿಟ್ಟರು. ಆ ಹೊರೆಯ ಪಕ್ಕದಲ್ಲಿ ಅರ್ಧ ಕಿಲೋದ ತೂಕದ ಕಲ್ಲನ್ನು ಇಟ್ಟು, ಯಾರೂ ಏನೂ ವಿವರಿಸದೆ ಎರಡನ್ನೂ ನೋಡಲು ಮಕ್ಕಳಿಗೆ ಸಮಯ ಕೊಟ್ಟರು. ಬೋಧನೆಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಅಲ್ಲಿ ಸುಮ್ಮನಿರುವುದರ ಬೆಲೆ ತಿಳಿಯಿತು.

ಪ್ರಶ್ನೆ ಬಂದದ್ದು ಆಗ. ಬೆಳಗಿನಿಂದ ಒಂದು ಟಗರುಮರಿಯ ಬಳಿಯಲ್ಲೇ ಇದ್ದ ಹುಡುಗಿ, "ಅಕ್ಕ, ಇದನ್ನೂ ಕೊಲ್ಲುತ್ತಾರಾ?" ಎಂದು ಕೇಳಿದಳು. ಮಾತು ತೇಲಿಸಿಬಿಡುತ್ತಾರೆಂದು ನಾನು ಅಂದುಕೊಂಡಿದ್ದೆ. ಒಡತಿ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಅವಳ ಪಕ್ಕ ಕುಳಿತರು. "ಹೌದು ಮಗಾ. ನಾವು ಇವನ್ನು ಸಾಕುವುದು ಮಾಂಸಕ್ಕೆ. ಹೆಣ್ಣುಮರಿಗಳನ್ನು ಹಟ್ಟಿಗೆ ಉಳಿಸಿಕೊಳ್ಳುತ್ತೇವೆ, ಗಂಡುಮರಿಗಳನ್ನು ಮಾರುತ್ತೇವೆ. ಇಲ್ಲಿ ಕಡಿಯುವುದಿಲ್ಲ, ವ್ಯಾಪಾರಿಗಳು ಬಂದು ತೂಕ ಮಾಡಿ ತೆಗೆದುಕೊಂಡು ಹೋಗುತ್ತಾರೆ. ಇಲ್ಲಿ ಇರುವಷ್ಟು ದಿನ ಅದಕ್ಕೆ ಹಸಿವು, ನೋವು, ಹೆದರಿಕೆ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ನಿನಗೆ ಬೇಜಾರಾದರೆ ಅದು ತಪ್ಪಲ್ಲ, ನನಗೂ ಆಗುತ್ತದೆ" ಎಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಲಾರಿಯಲ್ಲಿ ಹೋಗುವಾಗ ಅವಕ್ಕೆ ನೀರು ಕೊಡುತ್ತಾರೆಯೇ ಎಂದು ಕೇಳಿದಳು. ಆ ಎರಡನೆಯ ಪ್ರಶ್ನೆಯನ್ನು ಕೇಳಿದಾಗ, ಈ ಮಗು ದೊಡ್ಡವಳಾದ ಮೇಲೆ ಮಾಂಸ ತಿಂದರೂ ಬಿಟ್ಟರೂ ವಿಷಯ ತಿಳಿದೇ ಹಾಗೆ ಮಾಡುತ್ತಾಳೆಂದು ನನಗೆ ಅನಿಸಿತು. ನಮ್ಮ ತರಗತಿಯಲ್ಲಿ ಮಾಂಸ ತಿನ್ನುವ ಮನೆಗಳ ಮಕ್ಕಳೂ ಇದ್ದಾರೆ, ತಿನ್ನದ ಮನೆಗಳ ಮಕ್ಕಳೂ ಇದ್ದಾರೆ. ಇಬ್ಬರಲ್ಲಿ ಯಾರೊಬ್ಬರೂ ತಲೆತಗ್ಗಿಸುವಂಥ ಒಂದು ಮಾತೂ ಅಲ್ಲಿ ಬರಲಿಲ್ಲ. ಊಟಕ್ಕೆ ಎಲ್ಲರಿಗೂ ಕುಚ್ಚಲಕ್ಕಿ ಅನ್ನ, ಮಟ್ಟುಗುಳ್ಳದ ಬೋಳುಹುಳಿ, ಹುರುಳಿಯ ಚಟ್ನಿ, ಮಜ್ಜಿಗೆ; ಮನೆಯವರ ಒಪ್ಪಿಗೆ ಪತ್ರ ತಂದಿದ್ದ ಮಕ್ಕಳಿಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಮಾಡಿದ ಕುರಿ ಸುಕ್ಕ. ಅಡುಗೆ ಚೆನ್ನಾಗಿತ್ತು. ತಟ್ಟೆಯಲ್ಲಿ ಬಿಟ್ಟವರು ಬಹಳ ಕಡಿಮೆ.

ಮಧ್ಯಾಹ್ನದ ನಂತರದ ಭಾಗ ಅಷ್ಟು ಬಿಗಿಯಾಗಿರಲಿಲ್ಲ. ಬನ್ನೂರು, ಕೆಂಗುರಿಗಳು ಮಾಂಸದ ತಳಿಗಳಾದ್ದರಿಂದ ಉಣ್ಣೆ ಕತ್ತರಿಸುವುದನ್ನು ತೋರಿಸಲು ಅವರಲ್ಲಿ ಸಾಧ್ಯವಿಲ್ಲ. ಅದರ ಬದಲು ಯಜಮಾನರ ತಂದೆಯವರು ನಾಟಿಯ ಕಾಲದಲ್ಲಿ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಕರಿಕಂಬಳಿಯೊಂದನ್ನು ತಂದು ಬಿಡಿಸಿದರು. ಘಟ್ಟದ ಮೇಲಿನ ಡೆಕ್ಕನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಇಂಥ ಕಂಬಳಿಗಳೇ ನಮ್ಮ ಗದ್ದೆಗಳ ಮಳೆಯಲ್ಲಿ ಎಷ್ಟೋ ಬೆನ್ನುಗಳನ್ನು ಬೆಚ್ಚಗಿಟ್ಟಿದ್ದವು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ತಣ್ಣಗೆನಿಸುವುದಿಲ್ಲ ಎಂಬುದನ್ನು ಒಂದು ತುಂಡು ಹತ್ತಿ ಬಟ್ಟೆ, ಒಂದು ತುಂಡು ಕಂಬಳಿ ಎರಡನ್ನೂ ಒದ್ದೆ ಮಾಡಿ ಕೈಗೆ ಕೊಟ್ಟು ತೋರಿಸಬಹುದಿತ್ತು. ಅವರು ಬಾಯಿಮಾತಿನಲ್ಲೇ ಮುಗಿಸಿದರು. ಕರಾವಳಿಗೂ ಕುರಿಗೂ ಇದ್ದ ಅಷ್ಟು ಹಳೆಯ ನಂಟನ್ನು ಹತ್ತು ನಿಮಿಷದಲ್ಲಿ ದಾಟಿಸಿಬಿಟ್ಟದ್ದು ನನಗೆ ಸರಿಬರಲಿಲ್ಲ.

ಇನ್ನೂ ಕೆಲವು ಕೊರತೆಗಳನ್ನು ನೇರವಾಗಿ ಹೇಳಲೇಬೇಕು. ಕೈ ತೊಳೆಯಲು ಇದ್ದದ್ದು ಒಂದೇ ನಲ್ಲಿ, ಒಂದೇ ಸಾಬೂನು. ಕುರಿಯ ಬಾಯಿ, ಗೊಬ್ಬರ ಎರಡನ್ನೂ ಮುಟ್ಟಿದ 32 ಮಕ್ಕಳು ಊಟಕ್ಕೆ ಮೊದಲು ಸಾಲು ನಿಂತು ತೊಳೆಯುವುದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು, ಕೊನೆಯಲ್ಲಿದ್ದವರು ಬರೀ ನೀರಿನಲ್ಲಿ ಅದ್ದಿ ಬರುತ್ತಿದ್ದುದನ್ನು ನಾವು ತಡೆಯಬೇಕಾಯಿತು. ಕುರಿಯಿಂದ ಮನುಷ್ಯನಿಗೆ ತಗಲುವ ಚರ್ಮದ ಸೋಂಕುಗಳಿವೆ, ಹಿಕ್ಕೆಯಿಂದ ಹೊಟ್ಟೆ ಕೆಡಿಸುವ ರೋಗಾಣುಗಳು ಬರುತ್ತವೆ. ಇಷ್ಟು ತಿಳಿದವರ ಜಾಗದಲ್ಲಿ ನಾಲ್ಕಾರು ನಲ್ಲಿಗಳಾದರೂ ಇರಲೇಬೇಕು. ಇದರಲ್ಲಿ ರಿಯಾಯಿತಿ ಸಲ್ಲದು.

ನನ್ನನ್ನು ಅದಕ್ಕಿಂತ ಹೆಚ್ಚು ನೋಯಿಸಿದ್ದು ಮಕ್ಕಳಿಗೆ ಕೊಟ್ಟ ಚಟುವಟಿಕೆ ಪುಸ್ತಕ. ಬಣ್ಣದ ಚಿತ್ರಗಳಿರುವ, ಒಳ್ಳೆಯ ಕಾಗದದ ಆ ಹದಿನಾರು ಪುಟಗಳು ಪೂರ್ತಿ ಇಂಗ್ಲಿಷಿನಲ್ಲಿವೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಬೆಳಗಿನಿಂದ ಹಿಕ್ಕೆ, ಮಂದೆ, ಮೆಲುಕು, ಗಿಣ್ಣುಹಾಲು, ಟಗರು, ಬಾಯಿಗೂಡಿದ್ದು ಎಂಬ ಮಾತುಗಳನ್ನು ಕುರಿಗಾಹಿಯ ಬಾಯಿಂದ ಕೇಳಿ ಹಿಗ್ಗಿದ ಮಕ್ಕಳು, ಸಂಜೆ ಅದೇ ವಿಷಯವನ್ನು ಬರೆಯಲು ಕೂತಾಗ ಒಂದೊಂದು ಪದಕ್ಕೂ ನಮ್ಮ ಮುಖ ನೋಡುವಂತಾಯಿತು. ಕಲಿತದ್ದು ಒಂದು ಭಾಷೆಯಲ್ಲಿ, ಅದನ್ನು ಒಪ್ಪಿಸಬೇಕಾದದ್ದು ಇನ್ನೊಂದು ಭಾಷೆಯಲ್ಲಿ ಎಂದಾದರೆ ತಮಗೆ ತಿಳಿದದ್ದೂ ತಿಳಿದಿಲ್ಲವೆಂದು ಮಕ್ಕಳು ಭಾವಿಸಿಬಿಡುತ್ತಾರೆ. ಒಡತಿಯವರಿಗೆ ಇದನ್ನು ಹೇಳಿದೆ. ಮಂಗಳೂರಿನ ಶಾಲೆಗಳು ಮೊದಮೊದಲು ಬಂದಾಗ ಮಾಡಿಸಿದ್ದೆಂದು ಹೇಳಿ, ಕನ್ನಡದಲ್ಲಿ ಸಿದ್ಧಪಡಿಸಲು ನಮ್ಮ ಸಹಾಯ ಕೇಳಿದರು. ನಾವು ಒಪ್ಪಿದ್ದೇವೆ, ಆ ಹದಿನಾರು ಪುಟಗಳಲ್ಲಿ ಎಂಟನ್ನು ಮಕ್ಕಳೇ ಬರೆದಾಗಿದೆ, ಅಜ್ಜನ ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಹೋಗುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಬಸ್ಸು ತೋಟದವರೆಗೆ ಹೋಗುವುದಿಲ್ಲ, ಕೊನೆಯ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಕಲ್ಲುದಾರಿಯಲ್ಲಿ ನಡೆಯಬೇಕು. ನಡೆಯಲು ಕಷ್ಟವಾಗುವ ಮಕ್ಕಳಿದ್ದರೆ ಮೊದಲೇ ಹೇಳಿದರೆ ಅವರ ಜೀಪು ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅವರು ಯಾರನ್ನೂ ಕರೆಯುವುದಿಲ್ಲ, ಅದು ಸರಿಯಾದ ತೀರ್ಮಾನ. ದೊಡ್ಡ ಟಗರುಗಳನ್ನು ಬೇರೆ ಬೇಲಿಯೊಳಗೆ ಇಟ್ಟಿದ್ದಾರೆ. ಟಗರಿನ ಕಡೆಗೆ ಬೆನ್ನು ಹಾಕಿ ನಿಲ್ಲಬಾರದೆಂಬ ಸೂಚನೆಯನ್ನು ಚಿಕ್ಕ ಮಕ್ಕಳಿಗೆ ಎರಡೆರಡು ಸಲ ಹೇಳಿ. ಐದನೆಯ ತರಗತಿಗಿಂತ ಕೆಳಗಿನವರಿಗೆ ಈ ದಿನ ಭಾರವಾದೀತು, ಏಳರಿಂದ ಹತ್ತನೆಯ ತರಗತಿಯವರಿಗೆ ಹೇಳಿ ಮಾಡಿಸಿದಂತಿದೆ. ಪಿಲಿಕುಳದಂಥ ಕಡೆ ಹೋಗಿ ಪ್ರಾಣಿಗಳನ್ನು ನೋಡಿ ಬರುವುದಕ್ಕೂ ಇದಕ್ಕೂ ಹೋಲಿಕೆ ಮಾಡಬೇಡಿ. ಅಲ್ಲಿ ನೋಡುವ ಸಂತೋಷ ಬೇರೆ, ಇಲ್ಲಿ ಕೆಲಸ ಮಾಡುವ ಸಂತೋಷ ಬೇರೆ. 350 ರೂಪಾಯಿ ಕೆಲವು ಮನೆಗಳಿಗೆ ಹೆಚ್ಚೇ. ನಮ್ಮ ತಂಡದ ಆರು ಮಕ್ಕಳ ಹಣವನ್ನು ಹಳೆವಿದ್ಯಾರ್ಥಿಗಳು ಕೊಟ್ಟರು. ತಿಳಿಸಿದ್ದರೆ ತಾವೇ ಬಿಡುತ್ತಿದ್ದೆವೆಂದು ತೋಟದವರು ಆಮೇಲೆ ಹೇಳಿದರು, ಆದ್ದರಿಂದ ಕೇಳಲು ಸಂಕೋಚಪಡಬೇಡಿ.

ಹಟ್ಟಿಯ ಗೋಡೆಗೆ ಒಂದು ಕರಿಹಲಗೆಯಿದೆ. ಪ್ರತಿ ಹೆಣ್ಣುಕುರಿಯ ಕಿವಿಯೋಲೆಯ ಸಂಖ್ಯೆ, ಟಗರು ಬಿಟ್ಟ ದಿನ ಎರಡನ್ನೂ ಅದರಲ್ಲಿ ಬರೆದಿರುತ್ತಾರೆ. ಮಕ್ಕಳು ಕಣ್ಣು ನೋಡಿ ನಾಲ್ಕು ಎಂದು ಬರೆದಿದ್ದ, ಅವರ ಎದುರಿಗೇ ಮದ್ದು ಕುಡಿದ ಆ ಕುರಿಯ ಸಂಖ್ಯೆ 41, ಅದರ ಮುಂದೆ ಸೆಪ್ಟೆಂಬರ್ 18 ಎಂದಿತ್ತು. ಕುರಿಯ ಗರ್ಭದ ಅವಧಿ ಸುಮಾರು 150 ದಿನ. ಮರಳುವಾಗ ಬಸ್ಸಿನಲ್ಲಿ ತಿಂಗಳುಗಳನ್ನು ಬೆರಳಲ್ಲಿ ಎಣಿಸಿ ಫೆಬ್ರವರಿ 15 ಎಂದು ಲೆಕ್ಕ ತೆಗೆದವರು ಅವರೇ. ತರಗತಿಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿದ್ದಾರೆ. ಆ ಕುರಿಯ ರೆಪ್ಪೆಯ ಬಣ್ಣ ಈಗ ಎಷ್ಟಾಗಿದೆ ಎಂದು ಪ್ರತಿ ಸೋಮವಾರ ನನ್ನಿಂದ ಫೋನು ಮಾಡಿಸಿ ಕೇಳುತ್ತಾರೆ. ಹೋದ ವಾರ ಎರಡಕ್ಕೆ ಬಂದಿದೆಯೆಂದು ಅಜ್ಜ ತಿಳಿಸಿದರು. ಮರಿ ಹಾಕಿ ವಾರ ಕಳೆದ ಮೇಲೆ, ತಾಯಿಗೂ ಮರಿಗೂ ತೊಂದರೆಯಾಗದಂತೆ, ಹತ್ತು ಮಕ್ಕಳನ್ನು ಮಾತ್ರ ಕರೆದುಕೊಂಡು ಬರಲು ಒಪ್ಪಿಗೆ ಸಿಕ್ಕಿದೆ.